ಮುಂದಿನ ಹಲ್ಲಿಗೆ ಮಾಡಿದ ಕಾಂಪೋಸಿಟ್ ಕೆಲವೇ ವಾರಗಳಲ್ಲಿ ಮಂಕಾಗುವುದೇಕೆ? ಫಿನಿಶಿಂಗ್ ಮತ್ತು ಪಾಲಿಶಿಂಗ್ ಕುರಿತು ಸಲಹೆ ಬೇಕು

ತಾಲ್ಲೂಕು ಕೇಂದ್ರದ ದಂತವೈದ್ಯೆ, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಬಿ.ಡಿ.ಎಸ್. ಮುಗಿಸಿ ಮೂರು ವರ್ಷಗಳಿಂದ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ನನ್ನದೇ ಕೆಲಸದ ಕೊರತೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ, ದಾಕ್ಷಿಣ್ಯವಿಲ್ಲದೆ ಹೇಳಿ.

ಐದು ತಿಂಗಳ ಹಿಂದೆ ಸ್ಕೂಟರಿನಿಂದ ಬಿದ್ದು ಮೇಲ್ದವಡೆಯ ಮುಂದಿನ ಹಲ್ಲಿನ ಮೂಲೆಯನ್ನು ಮುರಿದುಕೊಂಡ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗೆ, ಹಲ್ಲಿನ ಬಣ್ಣದ ತುಂಬುವ ಸಾಮಗ್ರಿಯಾದ ನ್ಯಾನೋಹೈಬ್ರಿಡ್ ಕಾಂಪೋಸಿಟ್‌ನಿಂದ ಆ ಮೂಲೆಯನ್ನು ಕಟ್ಟಿಕೊಟ್ಟೆ. ಬಣ್ಣ ಚೆನ್ನಾಗಿಯೇ ಹೊಂದಿತ್ತು. ಕೆಂಪು ಪಟ್ಟಿಯ, ವಜ್ರದ ಹರಳು ಹಚ್ಚಿದ ಉಜ್ಜುವ ತುದಿಯಾದ ಡೈಮಂಡ್ ಬರ್‌ನಿಂದ ಆಕಾರ ತಿದ್ದಿ, ಆಮೇಲೆ ರಬ್ಬರ್ ಕಪ್ಪಿಗೆ ಪ್ಯೂಮಿಸ್ ಕಲ್ಲಿನ ಪುಡಿ ಹಚ್ಚಿ ಉಜ್ಜಿದೆ. ಬಾಯಿ ಮುಕ್ಕಳಿಸಿ ಕನ್ನಡಿ ನೋಡಿಕೊಂಡಾಗ ಹಲ್ಲು ಫಳಫಳನೆ ಹೊಳೆಯುತ್ತಿತ್ತು, ಆಕೆಯೂ ಆಕೆಯ ತಾಯಿಯೂ ಸಂತೋಷದಿಂದಲೇ ಹೋದರು. ಮೂರನೆಯ ವಾರಕ್ಕೆ ಫೋನ್ ಬಂತು: ಮಾತನಾಡುವಾಗ ಹಲ್ಲು ಒಣಗಿದರೆ ಆ ಮೂಲೆ ಮಾತ್ರ ಸೀಮೆಸುಣ್ಣದಂತೆ ಕಾಣುತ್ತದೆಯಂತೆ. ಈಗ ಐದನೆಯ ತಿಂಗಳಲ್ಲಿ, ಹಲ್ಲು ಮತ್ತು ಕಾಂಪೋಸಿಟ್ ಕೂಡುವ ಜಾಗದಲ್ಲಿ ತೆಳುವಾದ ಹಳದಿ ಗೆರೆಯೊಂದು ಕಾಣಿಸಿಕೊಂಡಿದೆ. ಪಕ್ಕದ ಹಲ್ಲಿನ ಕಡೆಗೆ ವಸಡಿನ ಹತ್ತಿರ ಏನೋ ತಡೆಯುತ್ತದೆ ಎಂದು ನಾಲಿಗೆ ಆಡಿಸಿ ತೋರಿಸುತ್ತಾಳೆ, ಅಲ್ಲಿ ದಾರ ಹಾಕಿದರೆ ಎಳೆ ಬಿಚ್ಚಿಕೊಂಡು ಬರುತ್ತದೆ.

ಸಾಮಗ್ರಿ ಅಗ್ಗದ್ದಲ್ಲ. ಹಾಗಾದರೆ ನಾನು ತಪ್ಪಿದ್ದು ಎಲ್ಲಿ?

ನಿವೃತ್ತ ಪ್ರಾಧ್ಯಾಪಕ, ಮೈಸೂರು

ತಾಯಿ, ನೀವು ಒಂದು ದೂರು ಎಂದು ಬರೆದಿದ್ದೀರಿ, ಆದರೆ ಅದರಲ್ಲಿ ಮೂರು ದೂರುಗಳಿವೆ. ಮಂಕು ಬೇರೆ, ಗೆರೆ ಬೇರೆ, ತಡೆಯುವುದು ಬೇರೆ. ಮೂರಕ್ಕೂ ಪಾಲಿಶ್ ಒಂದೇ ಮದ್ದು ಎಂದುಕೊಂಡರೆ ಮೂರೂ ಉಳಿದುಬಿಡುತ್ತವೆ.

ಮೊದಲು ಮಂಕನ್ನು ನೋಡೋಣ. ಒದ್ದೆ ಹಲ್ಲು ಯಾವಾಗಲೂ ಸುಳ್ಳು ಹೇಳುತ್ತದೆ, ಏಕೆಂದರೆ ಜೊಲ್ಲು ಗೀರುಗಳ ತಗ್ಗನ್ನು ತುಂಬಿಕೊಂಡು ಮೇಲೊಂದು ನುಣುಪು ಪದರವಾಗಿ ನಿಲ್ಲುತ್ತದೆ ಮತ್ತು ನಾವು ಕಾಣುವುದು ಆ ನೀರಿನ ಹೊಳಪನ್ನೇ ಹೊರತು ಕಾಂಪೋಸಿಟ್‌ನದನ್ನಲ್ಲ. ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ನಾನು ಹೇಳಿದ್ದು ಇಷ್ಟೇ: ಏರ್ ಸಿರಿಂಜ್‌ನಿಂದ ಹಲ್ಲನ್ನು ಪೂರ್ತಿ ಒಣಗಿಸಿ, ಕುರ್ಚಿಯ ದೀಪವನ್ನು ಎದುರಿಗಲ್ಲದೆ ಪಕ್ಕದಿಂದ ಬೀಳುವಂತೆ ತಿರುಗಿಸಿ, ಆಮೇಲೆ ಭೂತಗನ್ನಡಿಯಲ್ಲಿ ನೋಡಿ. ಆಗ ಡೈಮಂಡ್ ಎಳೆದ ಸಾಲುಗಳು ಉತ್ತ ಹೊಲದ ಹಾಗೆ ಕಾಣುತ್ತವೆ. ಆ ಹುಡುಗಿಯ ಹಲ್ಲನ್ನು ನಾಳೆಯೇ ಹೀಗೆ ನೋಡಿದರೆ ನಿಮ್ಮ ಕೆಂಪು ಪಟ್ಟಿಯ ಬರ್ ಇನ್ನೂ ಅಲ್ಲೇ ಇರುವುದು ಗೊತ್ತಾಗುತ್ತದೆ.

ನಮ್ಮ ಕಡೆ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಿಡಿಸುವವರನ್ನು ನೀವು ನೋಡಿರಬಹುದು. ಒರಟು ನಂಬರಿನ ಕಲ್ಲಿನಿಂದ ಶುರುಮಾಡಿ ಒಂದೊಂದೇ ನಂಬರ್ ಏರುತ್ತ ಹೋಗುತ್ತಾರೆ, ನಡುವೆ ಒಂದನ್ನು ಬಿಟ್ಟರೆ ಕೊನೆಯ ಕಲ್ಲು ಎಷ್ಟು ತಿರುಗಿದರೂ ಮೊದಲಿನ ಕಲ್ಲಿನ ಗೀರು ಹೋಗುವುದಿಲ್ಲ. ಪ್ರತಿ ಹಂತಕ್ಕೂ ಇರುವ ಕೆಲಸ ಒಂದೇ, ಹಿಂದಿನ ಹಂತದ ಗೀರನ್ನು ಅಳಿಸಿ ತನ್ನದೇ ಆದ ಚಿಕ್ಕ ಗೀರನ್ನು ಬಿಡುವುದು. ಕೆಂಪು ಪಟ್ಟಿಯ ಡೈಮಂಡಿನ ಹರಳು ಸುಮಾರು 30ರಿಂದ 40 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಹಳದಿ ಪಟ್ಟಿಯದು 15ರಿಂದ 25, ಬಿಳಿ ಪಟ್ಟಿಯದು ಸುಮಾರು 8. ನೀವು ಕೆಂಪಿನಿಂದ ನೇರವಾಗಿ ಕಪ್ಪಿಗೆ ಹಾರಿದ್ದೀರಿ.

ಎರಡನೆಯ ತಪ್ಪು ಪ್ಯೂಮಿಸ್‌ನದು. ಕಾಂಪೋಸಿಟ್ ಎಂದರೆ ಮೆದುವಾದ ರಾಳದಲ್ಲಿ ಹುದುಗಿರುವ ಗಟ್ಟಿ ಗಾಜಿನ ಕಣಗಳು. ಉಜ್ಜುವ ಪುಡಿ ಆ ಗಾಜಿಗಿಂತ ಸ್ಪಷ್ಟವಾಗಿ ಗಟ್ಟಿಯಾಗಿರದಿದ್ದರೆ ಅದು ರಾಳವನ್ನು ಮಾತ್ರ ಸವೆಸುತ್ತದೆ, ಗಾಜಿನ ಕಣಗಳು ಮಣ್ಣು ಕೊಚ್ಚಿಹೋದ ರಸ್ತೆಯ ಜಲ್ಲಿಯಂತೆ ಮೇಲೆದ್ದು ನಿಲ್ಲುತ್ತವೆ. ಅಲ್ಯೂಮಿನಿಯಂ ಆಕ್ಸೈಡ್ ಗಟ್ಟಿತನದ ಮೋಸ್ ಮಾಪನದಲ್ಲಿ 9, ವಜ್ರ 10, ಪ್ಯೂಮಿಸ್ ಸುಮಾರು 6. ಹಲ್ಲಿನ ಮೇಲಿನ ಕಲೆ ತೆಗೆಯಲು ಪ್ಯೂಮಿಸ್ ಸರಿ, ಕಾಂಪೋಸಿಟ್‌ಗೆ ಕೊನೆಯ ಕೈ ಹಾಕಲು ಅಲ್ಲ.

ದಂತಸಾಮಗ್ರಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ, ಬೆಂಗಳೂರು

ಗುರುಗಳ ಮಾತಿಗೆ ಕೆಲವು ಅಂಕಿಗಳನ್ನು ಸೇರಿಸುತ್ತೇನೆ, ಏಕೆಂದರೆ ನುಣುಪು ಎಂಬುದನ್ನು ನಾವು ಬರಿಯ ಅಂದದ ವಿಷಯವೆಂದು ತಿಳಿಯುತ್ತೇವೆ.

ಮೇಲ್ಮೈಯ ಒರಟುತನವನ್ನು ಉಬ್ಬು ತಗ್ಗುಗಳ ಸರಾಸರಿಯಾಗಿ ಅಳೆದು ಆರ್‌ಎ ಎಂಬ ಅಂಕಿಯಲ್ಲಿ ಹೇಳುವುದು ವಾಡಿಕೆ. 1997ರಲ್ಲಿ ಬೋಲೆನ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ 0.2 ಮೈಕ್ರಾನ್ ಎಂಬ ಗಡಿಯನ್ನು ಮುಂದಿಟ್ಟರು. ಒರಟುತನ ಅದಕ್ಕಿಂತ ಹೆಚ್ಚಾದಂತೆ ಪ್ಲಾಕ್ (ಬ್ಯಾಕ್ಟೀರಿಯಾದ ಅಂಟು ಪದರ) ಕೂಡುವುದೂ ಹೆಚ್ಚುತ್ತದೆ, ಅದಕ್ಕಿಂತ ಕಡಿಮೆ ಮಾಡಿದರೆ ಬ್ಯಾಕ್ಟೀರಿಯಾ ಇನ್ನಷ್ಟು ಕಡಿಮೆಯಾಗುವುದನ್ನು ನಿರೀಕ್ಷಿಸಲಾಗದು. ನಾಲಿಗೆಯ ಸೂಕ್ಷ್ಮತೆಯೂ ಇದರ ಸಮೀಪದಲ್ಲೇ ಇದೆ: 0.25ರಿಂದ 0.5 ಮೈಕ್ರಾನ್‌ನಷ್ಟು ವ್ಯತ್ಯಾಸವನ್ನು ಜನ ನಾಲಿಗೆಯ ತುದಿಯಿಂದಲೇ ಗುರುತಿಸಬಲ್ಲರೆಂದು 2004ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿತು. ಆದ್ದರಿಂದ ರೋಗಿ ನಾಲಿಗೆಗೆ ಒರಟು ಎಂದರೆ ನಾವು ಚೂಪು ಸಲಾಕೆಯಾದ ಎಕ್ಸ್‌ಪ್ಲೋರರ್ ಆಡಿಸಿ ‘ಏನೂ ಇಲ್ಲವಲ್ಲ’ ಎನ್ನಬಾರದು.

ಹೊಳಪಿನ ಗಡಿ ಇನ್ನೂ ಬಿಗಿ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರಾನ್. ಉಬ್ಬು ತಗ್ಗುಗಳು ಅದಕ್ಕಿಂತ ಬಹಳ ಚಿಕ್ಕವಾಗಿದ್ದರೆ ಬೆಳಕು ಕನ್ನಡಿಯಿಂದ ಮರಳುವಂತೆ ಒಂದೇ ದಿಕ್ಕಿಗೆ ಮರಳುತ್ತದೆ, ಅದಕ್ಕೆ ಸಮ ಅಥವಾ ದೊಡ್ಡವಾಗಿದ್ದರೆ ಚೆದುರಿ ಮಂಕಾಗುತ್ತದೆ. ಹಳೆಯ ಮ್ಯಾಕ್ರೋಫಿಲ್ ಕಾಂಪೋಸಿಟ್‌ಗಳ ಕಣಗಳು ಹತ್ತಾರು ಮೈಕ್ರಾನ್ ಗಾತ್ರದವಾದ್ದರಿಂದ ಯಾರು ಎಷ್ಟೇ ಉಜ್ಜಿದರೂ ಹೊಳೆಯುತ್ತಿರಲಿಲ್ಲ. ಮೈಕ್ರೋಫಿಲ್‌ನ ಸಿಲಿಕಾ ಕಣ ಸುಮಾರು 0.04 ಮೈಕ್ರಾನ್, ಅದು ಹೊಳೆಯುತ್ತಿತ್ತು, ಆದರೆ ಬಲ ಸಾಲದು. ನ್ಯಾನೋಹೈಬ್ರಿಡ್ ಎಂಬ ಹೆಸರು ಮಾತ್ರ ಸ್ವಲ್ಪ ಮೋಸದ್ದು. ಅದರಲ್ಲಿ ನ್ಯಾನೋ ಕಣಗಳ ಜೊತೆಗೆ ಒಂದು ಮೈಕ್ರಾನ್ ಆಸುಪಾಸಿನ ಗಾಜಿನ ಕಣಗಳೂ ಇರುತ್ತವೆ, ಅವುಗಳಲ್ಲೊಂದು ಕಿತ್ತುಬಂದರೆ ಅಷ್ಟೇ ದೊಡ್ಡ ಗುಂಡಿ ಉಳಿಯುತ್ತದೆ.

ಇಪ್ಪತ್ತು ವರ್ಷದ ಕ್ಲಿನಿಕ್, ಹುಬ್ಬಳ್ಳಿ

ಅಂಕಿಗಳು ಸರಿ, ಆದರೆ ಕೈಕೆಲಸ ಹೇಳುವವರು ಬೇಕಲ್ಲವೇ? ನಾನು ಮಾಡುವುದನ್ನು ಬರೆಯುತ್ತೇನೆ, ಒಪ್ಪದವರು ಹೇಳಲಿ.

ಅತಿ ವೇಗವಾಗಿ ತಿರುಗುವ ಏರೋಟರನ್ನು ಆಕಾರ ತಿದ್ದುವುದಕ್ಕೆ ಮಾತ್ರ ಹಿಡಿಯುತ್ತೇನೆ, ಅದೂ ನೀರಿನ ಜೊತೆ, ಗರಿ ಸವರಿದಷ್ಟು ಹಗುರವಾಗಿ. ಸಾಧ್ಯವಿದ್ದ ಕಡೆಯೆಲ್ಲ ಡೈಮಂಡ್ ಬದಲು ಹನ್ನೆರಡು ಅಥವಾ ಹದಿನಾರು ಅಲಗಿನ ಟಂಗ್‌ಸ್ಟನ್ ಕಾರ್ಬೈಡ್ ಫಿನಿಶಿಂಗ್ ಬರ್ ಬಳಸುತ್ತೇನೆ. ಡೈಮಂಡ್ ಉಜ್ಜುತ್ತದೆ, ಕಾರ್ಬೈಡ್ ಕೆತ್ತುತ್ತದೆ, ಕೆತ್ತಿದ ಮೇಲ್ಮೈಯಲ್ಲಿ ಮುಂದಿನ ಕೆಲಸ ಕಡಿಮೆ. ಅಲ್ಲಿಂದ ನಿಧಾನವಾಗಿ ತಿರುಗುವ ಮೈಕ್ರೋಮೋಟರಿಗೆ ಇಳಿಯುತ್ತೇನೆ. ಮುಂದಿನ ಹಲ್ಲಿನ ಉಬ್ಬಿದ ಮೈಗೆ ಸಾಫ್‌ಲೆಕ್ಸ್ ತರಹದ ಅಲ್ಯೂಮಿನಿಯಂ ಆಕ್ಸೈಡ್ ಡಿಸ್ಕ್‌ಗಳಿಗೆ ಸಮನಾದುದನ್ನು ನಾನಂತೂ ಕಂಡಿಲ್ಲ. ಅವು ಚಪ್ಪಟೆಯಾಗಿರುವುದರಿಂದ ಗಾಜನ್ನೂ ರಾಳವನ್ನೂ ಒಂದೇ ಮಟ್ಟದಲ್ಲಿ ಸವೆಸುತ್ತವೆ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಎರಡು ಕೆಲಸ ತಪ್ಪಿಸುವುದಿಲ್ಲ. ಮೊದಲನೆಯದು, ನೀರು ಹೊಡೆದು ಹಲ್ಲನ್ನು ತೊಳೆಯುವುದು, ಇಲ್ಲದಿದ್ದರೆ ಹಿಂದಿನ ಡಿಸ್ಕಿನಿಂದ ಉದುರಿದ ದಪ್ಪ ಹರಳುಗಳು ಹೊಸ ಡಿಸ್ಕಿನ ಅಡಿಯಲ್ಲಿ ಸಿಕ್ಕಿ ಗೀರುತ್ತಲೇ ಇರುತ್ತವೆ. ಎರಡನೆಯದು, ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸುವುದು. ಆಗ ಹಿಂದಿನ ಗೀರು ಉಳಿದಿದ್ದರೆ ತಕ್ಷಣ ಕಾಣುತ್ತದೆ.

ಕೊನೆಗೆ ಡೈಮಂಡ್ ಪುಡಿ ಸೇರಿಸಿದ ರಬ್ಬರ್, ಅದರ ಮೇಲೆ ಫೆಲ್ಟ್ ಚಕ್ರದಲ್ಲಿ ಒಂದು ಮೈಕ್ರಾನ್ ಅಥವಾ ಅದಕ್ಕೂ ನಯವಾದ ಪೇಸ್ಟ್. ರಬ್ಬರ್ ಹಂತದಲ್ಲಿ ಅವಸರದಿಂದ ಒತ್ತುವವರೇ ಹೆಚ್ಚು. ಒತ್ತಿದರೆ ಬಿಸಿಯೇರಿ ರಾಳ ಸವರಿಕೊಂಡು ಗೀರಿನ ಮೇಲೆ ಮುಚ್ಚಳ ಹಾಕಿದಂತಾಗುತ್ತದೆ, ಆ ಹೊತ್ತಿಗೆ ಹೊಳೆಯುತ್ತದೆ, ಕೆಲವು ವಾರ ಬ್ರಷ್ ತಿಕ್ಕಿದಾಗ ಮುಚ್ಚಳ ಹೋಗುತ್ತದೆ. ಚಿತ್ರದುರ್ಗದ ಮೇಡಂ ಅವರ ಮೂರನೆಯ ವಾರದ ಫೋನಿಗೆ ಇದೂ ಒಂದು ಕಾರಣವಿರಬಹುದು.

ಇನ್ನೊಂದು ಮಾತು. ಡಿಸ್ಕಿನ ನಡುವಿನ ಲೋಹದ ಭಾಗ ಕಾಂಪೋಸಿಟ್‌ಗೆ ತಾಗಿದರೆ ಬೂದು ಬಣ್ಣದ ಗೆರೆ ಬೀಳುತ್ತದೆ. ಹೊಸಬರು ಅದನ್ನು ಹುಳುಕೆಂದು ತಿಳಿದು ಕೊರೆಯಲು ಹೊರಟದ್ದನ್ನು ನಾನು ಕಂಡಿದ್ದೇನೆ.

ದಂತಸಾಮಗ್ರಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ, ಬೆಂಗಳೂರು

ಹುಬ್ಬಳ್ಳಿಯ ಸರ್, ಡಿಸ್ಕ್‌ಗಳನ್ನು ನೀವು ಒಣಗಿಸಿಯೇ ಬಳಸುತ್ತೀರೋ ನೀರಿನೊಡನೆಯೋ ಎಂಬುದನ್ನು ಹೇಳಲಿಲ್ಲ. ನೀರಿದ್ದರೆ ಬಿಸಿ ಏರುವುದಿಲ್ಲ, ದೂಳೂ ಕಡಿಮೆ. ಕಾಂಪೋಸಿಟನ್ನು ಉಜ್ಜಿದಾಗ ಉಸಿರಿನೊಳಗೆ ಆಳಕ್ಕೆ ಇಳಿಯಬಲ್ಲ ಅತಿ ಸೂಕ್ಷ್ಮ ದೂಳು ಏಳುತ್ತದೆ ಎಂಬುದನ್ನು ಅಳೆದು ತೋರಿಸಿದ್ದಾರೆ. ದಿನಕ್ಕೆ ಆರೇಳು ಕೇಸ್ ಮಾಡುವವರು ಮತ್ತು ಪಕ್ಕದಲ್ಲೇ ಸಕ್ಷನ್ ಹಿಡಿದು ನಿಲ್ಲುವ ಸಹಾಯಕಿಯರು ಅದನ್ನು ಕಡೆಗಣಿಸಬಾರದು.

ಇಪ್ಪತ್ತು ವರ್ಷದ ಕ್ಲಿನಿಕ್, ಹುಬ್ಬಳ್ಳಿ

ದಪ್ಪ ಹರಳಿನ ಮತ್ತು ಮಧ್ಯಮ ಹರಳಿನ ಡಿಸ್ಕ್‌ಗಳಿಗೆ ನೀರು ಬಳಸುತ್ತೇನೆ. ಕೊನೆಯ ಎರಡನ್ನು ಒಣಗಿಸಿ, ತಡೆದು ತಡೆದು, ಒಂದು ಜಾಗದಲ್ಲಿ ನಿಲ್ಲದಂತೆ ಆಡಿಸುತ್ತೇನೆ, ಏಕೆಂದರೆ ನೀರಿನ ಕೆಳಗೆ ಅಂಚು ಕಾಣದೆ ಪಕ್ಕದ ಎನಾಮೆಲ್ಲನ್ನೇ (ಹಲ್ಲಿನ ಗಟ್ಟಿ ಹೊರಪದರ) ತಿಂದುಹಾಕುವ ಅಪಾಯವಿದೆ. ದೂಳಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಮಾಸ್ಕ್ ಹಾಕಿ ಸಕ್ಷನ್ ಹತ್ತಿರ ಹಿಡಿಸುತ್ತೇನೆ. ಒಣ ಪಾಲಿಶ್ ಒಳ್ಳೆಯದೋ ಒದ್ದೆಯೋ ಎಂಬ ಬಗ್ಗೆ ಬಂದಿರುವ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ತಯಾರಕರ ಸೂಚನೆಯನ್ನು ನೋಡಿ, ಆಮೇಲೆ ನಿಮ್ಮ ಕಣ್ಣನ್ನು ನಂಬಿ.

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಈಗ ಹಳದಿ ಗೆರೆಯ ವಿಚಾರ. ಇದಕ್ಕೆ ಎರಡು ಕಾರಣಗಳಿರಬಹುದು, ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ.

ಒಂದನೆಯದು, ಕಾಂಪೋಸಿಟ್ ತನ್ನ ಗಡಿ ದಾಟಿ ಆಸಿಡ್ ತಾಗದ ಎನಾಮೆಲ್ ಮೇಲೆ ಹಪ್ಪಳದಷ್ಟು ತೆಳ್ಳಗೆ ಹರಡಿಕೊಂಡಿರುವುದು. ದಂತವಿಜ್ಞಾನಿ ಬ್ಯೂನೋಕೋರ್ 1955ರಲ್ಲಿ ತೋರಿಸಿಕೊಟ್ಟ ಆಸಿಡ್ ಎಚಿಂಗ್ (ಆಸಿಡ್ ತಾಗಿಸಿ ಎನಾಮೆಲ್ಲನ್ನು ಸೂಕ್ಷ್ಮವಾಗಿ ಒರಟಾಗಿಸುವುದು) ನಡೆಯದ ಜಾಗದಲ್ಲಿ ಕಾಂಪೋಸಿಟ್‌ಗೆ ಹಿಡಿತವಿಲ್ಲ. ಆ ತೆಳು ಪದರದ ಅಡಿಗೆ ಕಾಫಿ, ಚಹಾ, ಅರಿಶಿನ ಇಳಿದು ಗೆರೆಯಾಗುತ್ತದೆ. ಇದಾಗಿದ್ದರೆ ನಯವಾದ ಡಿಸ್ಕಿನಿಂದ ಆ ಪದರವನ್ನು ತೆಗೆದಾಗ ಗೆರೆಯೂ ಹೋಗುತ್ತದೆ, ನೀವು ಬಚಾವು.

ಎರಡನೆಯದು ನಿಜವಾದ ಸಂದು. ಕಾಂಪೋಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ ಎರಡು ಮೂರರಷ್ಟು ಕುಗ್ಗುತ್ತದೆ, ಆ ಎಳೆತ ಅಂಚಿನ ಮೇಲೆ ಬೀಳುತ್ತದೆ. ಗಟ್ಟಿಯಾಗಲೆಂದು ದೀಪದ ಬೆಳಕು ಕೊಟ್ಟ ಮರುಕ್ಷಣವೇ ಒರಟು ಡೈಮಂಡನ್ನು ನೀರಿಲ್ಲದೆ ಅಂಚಿಗೆ ಒತ್ತಿದರೆ, ಮೊದಲೇ ಎಳೆತದಲ್ಲಿರುವ ಎನಾಮೆಲ್ ದಂಡೆ ಸೂಕ್ಷ್ಮವಾಗಿ ಬಿರಿಯುತ್ತದೆ. ಅಂದು ಅದು ಬಿಳಿ ಗೆರೆಯಾಗಿ ಕಾಣುತ್ತದೆ, ಐದು ತಿಂಗಳಿಗೆ ಹಳದಿಯಾಗುತ್ತದೆ. ಮುಂದಿನ ಹಲ್ಲಿನಲ್ಲಿ ಅಂಚಿಗೆ ಅಗಲವಾದ ಬೆವೆಲ್ (ಇಳಿಜಾರು) ಕೊಟ್ಟಿದ್ದಿರಾ? ಕೊಡದಿದ್ದರೆ ಕಾಂಪೋಸಿಟ್ ಹಲ್ಲಿನೊಳಗೆ ಕರಗಿದಂತೆ ಕಾಣದೆ ಗೋಡೆಗೆ ಗೋಡೆ ತಾಗಿದಂತೆ ನಿಲ್ಲುತ್ತದೆ, ಅಂಥ ಅಂಚನ್ನು ಯಾವ ಡಿಸ್ಕೂ ಮರೆಮಾಚಲಾರದು.

ಹಿಂದೆ ನಾವು ಕೊನೆಯ ಪಾಲಿಶನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಿದ್ದೆವು. ದೀಪ ಆರಿದ ಮೇಲೂ ಸುಮಾರು 24 ಗಂಟೆಗಳವರೆಗೆ ಕಾಂಪೋಸಿಟ್ ನಿಧಾನವಾಗಿ ಗಟ್ಟಿಯಾಗುತ್ತಲೇ ಇರುವುದು ಅದಕ್ಕೆ ಕಾರಣ. ಈಗ ಒಂದೇ ಸಲಕ್ಕೆ ಮುಗಿಸುವವರೇ ಹೆಚ್ಚು, ಹಳ್ಳಿಯಿಂದ ಬಸ್ಸಿಗೆ ಬಂದವರನ್ನು ಬರಿಯ ಹೊಳಪಿಗಾಗಿ ಮತ್ತೆ ಕರೆಯುವುದೂ ಕಷ್ಟ. ಆದರೆ ಮುಂದಿನ ಹಲ್ಲಿಗೆ ಮಾತ್ರ ನಾನು ಇಂದಿಗೂ ಎರಡನೆಯ ಭೇಟಿಯ ಪರ. ಒಣಗಿ ಬೆಳ್ಳಗಾಗಿದ್ದ ಹಲ್ಲು ಮತ್ತೆ ನೀರುಂಡು ತನ್ನ ಸಹಜ ಬಣ್ಣಕ್ಕೆ ಬಂದಿರುತ್ತದೆ, ನಮ್ಮ ಕಣ್ಣೂ ದಣಿದಿರುವುದಿಲ್ಲ.

ಫಿಲ್ಲಿಂಗ್ ಮಾಡಿಸಿಕೊಂಡವನು, ಶಿವಮೊಗ್ಗ

ನಾನು ವೈದ್ಯನಲ್ಲ, ರೋಗಿ. ಎರಡು ತಿಂಗಳ ಹಿಂದೆ ಕೆಳಗಿನ ದವಡೆ ಹಲ್ಲಿಗೆ ಹಲ್ಲಿನದೇ ಬಣ್ಣದ ಸಿಮೆಂಟ್ ತುಂಬಿಸಿಕೊಂಡೆ. ನೋವಿಲ್ಲ, ಆದರೆ ಮೇಲ್ಭಾಗ ಮರಳು ಕಾಗದದಂತಿದೆ, ನಾಲಿಗೆ ದಿನವಿಡೀ ಅಲ್ಲಿಗೇ ಹೋಗುತ್ತದೆ. ಕೇಳಿದರೆ ಅಭ್ಯಾಸವಾಗುತ್ತದೆ ಎಂದರು. ಎರಡು ತಿಂಗಳಾದ ಮೇಲೂ ಪಾಲಿಶ್ ಮಾಡಿಸಬಹುದೇ? ಮತ್ತೆ ಇಂಜೆಕ್ಷನ್ ಬೇಕೇ? ಉಜ್ಜಿದರೆ ತುಂಬಿದ್ದು ಸವೆದುಹೋಗುವುದಿಲ್ಲವೇ?

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಸ್ವಾಮಿ, ಧಾರಾಳವಾಗಿ ಮಾಡಿಸಬಹುದು, ವರ್ಷ ಕಳೆದರೂ ಮಾಡಿಸಬಹುದು. ಇಂಜೆಕ್ಷನ್ ಬೇಡ. ಪಾಲಿಶಿನಲ್ಲಿ ಹೋಗುವುದು ಮಿಲಿಮೀಟರಿನ ಅತಿ ಚಿಕ್ಕ ಅಂಶ ಮಾತ್ರ, ತುಂಬಿದ್ದಕ್ಕೆ ಅದರಿಂದ ಏನೂ ಆಗದು. ಒಂದನ್ನು ಮಾತ್ರ ಗಮನಿಸಿ: ಕಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತದೆಯೇ? ಹಾಗಿದ್ದರೆ ಅದು ಒರಟಲ್ಲ, ಎತ್ತರ. ಮೊದಲು ಬಣ್ಣದ ಕಾಗದ ಕಚ್ಚಿಸಿ ಎತ್ತರ ಇಳಿಸಬೇಕು, ಆಮೇಲೆ ಪಾಲಿಶ್. ಬಹಳ ಕಡೆ ಈ ಕ್ರಮ ತಲೆಕೆಳಗಾಗುತ್ತದೆ: ಪಾಲಿಶ್ ಮುಗಿದ ಮೇಲೆ ಕಚ್ಚು ನೋಡಿ, ಡೈಮಂಡ್ ತಾಗಿಸಿ, ಹಾಗೆಯೇ ಕಳುಹಿಸಿಬಿಡುತ್ತಾರೆ. ದವಡೆ ಹಲ್ಲಿನ ತಗ್ಗುಗಳಿಗೆ ಡಿಸ್ಕ್ ಹೋಗುವುದಿಲ್ಲ. ಮೊನಚು ರಬ್ಬರ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿಸಿದ ಬ್ರಷ್ ಬೇಕು.

ಮನೆಯಲ್ಲಿ ಇದ್ದಿಲು ಪುಡಿ, ಉಪ್ಪು, ಬೂದಿ ಹಾಕಿ ಉಜ್ಜಿ ನುಣುಪು ಮಾಡಲು ಹೋಗಬೇಡಿ, ಇನ್ನಷ್ಟು ಒರಟಾಗುತ್ತದೆ.

ಕೃತಕ ದಂತ ತಜ್ಞೆ, ಮಂಗಳೂರು

ಹಲ್ಲಿನ ಬಣ್ಣದ್ದೆಂದರೆ ಕಾಂಪೋಸಿಟ್ ಒಂದೇ ಅಲ್ಲವಾದ್ದರಿಂದ ಸೆರಾಮಿಕ್ ಬಗ್ಗೆ ಎರಡು ಮಾತು. ಲ್ಯಾಬಿನಿಂದ ಗ್ಲೇಜ್ (ಗಾಜಿನಂಥ ಹೊಳಪು ಪದರ) ಆಗಿ ಬಂದ ಕ್ಯಾಪ್ ಅನ್ನು ಕೂರಿಸಿ, ಕಚ್ಚು ಎತ್ತರವೆಂದು ಡೈಮಂಡ್‌ನಿಂದ ಉಜ್ಜಿದ ಕ್ಷಣಕ್ಕೆ ಆ ಜಾಗದ ಗ್ಲೇಜ್ ಹೋಗಿಬಿಡುತ್ತದೆ. ಹಾಗೆಯೇ ಬಿಟ್ಟರೆ ಎದುರಿನ ಹಲ್ಲಿನ ಎನಾಮೆಲ್ ಅರದಿಂದ ತಿಕ್ಕಿದಂತೆ ಸವೆಯುತ್ತದೆ. ಜಿರ್ಕೋನಿಯಾ ಎಂಬ ಸೆರಾಮಿಕ್ ಗಟ್ಟಿಯಾದ್ದರಿಂದ ಎದುರಿನ ಹಲ್ಲನ್ನು ತಿನ್ನುತ್ತದೆ ಎಂಬ ಮಾತು ಎಲ್ಲೆಡೆ ಇದೆ, ಆದರೆ ಹಲ್ಲನ್ನು ತಿನ್ನುವುದು ಗಟ್ಟಿತನಕ್ಕಿಂತ ಒರಟುತನ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ, ಗ್ಲೇಜ್ ಮಾಡಿದ್ದಕ್ಕಿಂತಲೂ ಎದುರಿನ ಎನಾಮೆಲ್ ವಿಷಯದಲ್ಲಿ ಮೃದುವೆಂದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ, ಏಕೆಂದರೆ ಗ್ಲೇಜ್ ತೆಳುಪದರ ಸವೆದಾಗ ಅಡಿಯ ಒರಟು ಹೊರಬೀಳುತ್ತದೆ. ಅದಕ್ಕೆ ಬೇರೆಯೇ ಡೈಮಂಡ್ ರಬ್ಬರುಗಳಿವೆ; ಕಾಂಪೋಸಿಟ್ ಕಿಟ್‌ನಿಂದ ಅದು ಆಗುವ ಕೆಲಸವಲ್ಲ.

ಜೊತೆಗೆ, ನಾವು ಪಾಲಿಶ್ ಮಾಡಿದ್ದನ್ನು ನಾವೇ ಕೆಡಿಸುವ ದಾರಿಗಳನ್ನೂ ಹೇಳಬೇಕು. ಆರು ತಿಂಗಳಿಗೊಮ್ಮೆ ಕ್ಲೀನಿಂಗ್‌ಗೆ ಬಂದವರ ಕಾಂಪೋಸಿಟ್ ಮೇಲೆ ಅಲ್ಟ್ರಾಸಾನಿಕ್ ಸ್ಕೇಲರ್ ತುದಿ ಹರಿದಾಡಿದರೆ ಗೀರು ಬೀಳುತ್ತದೆ, ಸೋಡಾ ಪುಡಿಯ ಏರ್ ಪಾಲಿಶರ್ ರಾಳವನ್ನು ಕೊರೆಯುತ್ತದೆ. 1.23 ಶೇಕಡಾ ಎ.ಪಿ.ಎಫ್. ಫ್ಲೋರೈಡ್ ಜೆಲ್ ಆಮ್ಲೀಯವಾದ್ದರಿಂದ ಕಾಂಪೋಸಿಟ್‌ನ ಗಾಜಿನ ಕಣಗಳನ್ನೂ ಗ್ಲಾಸ್ ಅಯೊನೊಮರನ್ನೂ (ಇನ್ನೊಂದು ಬಗೆಯ ತುಂಬುವ ಸಿಮೆಂಟ್) ಪೋರ್ಸ್‌ಲೇನನ್ನೂ ಕೊರೆಯುತ್ತದೆ. ಅಂಥ ಬಾಯಿಗೆ ತಟಸ್ಥ ಸೋಡಿಯಂ ಫ್ಲೋರೈಡ್ ಸೂಕ್ತ.

ಸರ್ಕಾರಿ ಆಸ್ಪತ್ರೆಯ ದಂತವೈದ್ಯ, ರಾಯಚೂರು ಜಿಲ್ಲೆ

ನಮ್ಮಲ್ಲಿ ಗ್ಲಾಸ್ ಅಯೊನೊಮರೇ ಹೆಚ್ಚು. ಅದಕ್ಕೂ ಇದೇ ಕ್ರಮವೇ? ಜೊತೆಗೆ ಕುಡಿಯುವ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದ ಯುವಕ ಯುವತಿಯರು ಮದುವೆಗೆ ಮುನ್ನ ಕಾಂಪೋಸಿಟ್ ಲೇಪನ ಕೇಳಿಕೊಂಡು ಬರುತ್ತಾರೆ. ಆರು ಹಲ್ಲುಗಳ ಪೂರ್ತಿ ಮೈಯನ್ನು ಪಾಲಿಶ್ ಮಾಡುವಷ್ಟರಲ್ಲಿ ಹೊರಗಿನ ಸಾಲು ಬಾಗಿಲು ದಾಟಿರುತ್ತದೆ.

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಗ್ಲಾಸ್ ಅಯೊನೊಮರ್ ಬೇರೆಯ ಜಾತಿ. ಮೊದಲ ಗಂಟೆಗಳಲ್ಲಿ ಅದಕ್ಕೆ ನೀರು ಹೆಚ್ಚಾದರೂ ಕೇಡು, ಒಣಗಿದರೂ ಕೇಡು. ನೀರು ಸೇರಿದರೆ ಮೇಲ್ಮೈ ಕರಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಸಾಂಪ್ರದಾಯಿಕ ಬಗೆಯದಾದರೆ ಮೊದಲ ದಿನ ಹೆಚ್ಚುವರಿಯನ್ನು ಅಲಗಿನಿಂದ ತೆಗೆದು, ವಾರ್ನಿಷ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ ಕಳುಹಿಸಿ. 24 ಗಂಟೆಯಾದ ಮೇಲೆ ಜೆಲ್ಲಿ ಅಥವಾ ನೀರಿನ ಒದ್ದೆಯಲ್ಲೇ ನಯ ಮಾಡಿ. ರಾಳ ಸೇರಿಸಿದ ಬಗೆಯದಾದರೆ ಬೆಳಕು ಕೊಟ್ಟ ಕೂಡಲೇ ಮುಗಿಸಬಹುದು. ಏನು ಮಾಡಿದರೂ ಕಾಂಪೋಸಿಟ್‌ನ ಹೊಳಪು ಅದಕ್ಕೆ ಬರುವುದಿಲ್ಲ, ಅದನ್ನು ನಿರೀಕ್ಷಿಸಿ ಉಜ್ಜುತ್ತ ಕೂರಬೇಡಿ.

ಲೇಪನದ ಬಗ್ಗೆ ಹೇಳುವುದಾದರೆ, ಉಜ್ಜುವ ಹೊತ್ತು ಉಳಿಸುವ ಉಪಾಯ ಉಜ್ಜುವುದರಲ್ಲಿಲ್ಲ, ಹಚ್ಚುವುದರಲ್ಲಿದೆ. ಬೆಳಕು ಕೊಡುವ ಮುನ್ನವೇ ಮೆದು ಬ್ರಷ್‌ನಿಂದ ಆಕಾರವನ್ನು ತೊಂಬತ್ತು ಪಾಲು ಮುಗಿಸಿದರೆ ಡೈಮಂಡ್ ಹಿಡಿಯುವ ಪ್ರಮೇಯವೇ ಬರದೆ ನೇರವಾಗಿ ಮಧ್ಯಮ ಡಿಸ್ಕಿನಿಂದ ಶುರುಮಾಡಬಹುದು. ಚನ್ನಪಟ್ಟಣದ ಕುಶಲಕರ್ಮಿಗಳು ಲೇತಿನ ಮೇಲೆ ಅರಗು ಹಚ್ಚಿ ಒಣ ತಾಳೆಗರಿಯಿಂದ ಸವರಿದರೆ ಸಾಕು, ಗೊಂಬೆ ಹೊಳೆಯುತ್ತದೆ. ಅಡಿಯ ಮರ ಅಷ್ಟು ನಯವಾಗಿ ಮೊದಲೇ ಸಿದ್ಧವಾಗಿರುತ್ತದೆ. ಬ್ರಷ್‌ಗೆ ಅಂಟದಿರಲೆಂದು ಸ್ಪಿರಿಟ್ಟನ್ನೋ ಬಾಂಡಿಂಗ್ ದ್ರಾವಣವನ್ನೋ ಅದ್ದುವ ಚಾಳಿ ಮಾತ್ರ ಬೇಡ, ಮೇಲ್ಮೈ ದುರ್ಬಲವಾಗಿ ಬೇಗ ಕಲೆ ಹಿಡಿಯುತ್ತದೆ.

ದಂತಸಾಮಗ್ರಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ, ಬೆಂಗಳೂರು

ಬೆಳಕಿನ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಗಾಳಿಯ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುವುದರಿಂದ ಕಾಂಪೋಸಿಟ್‌ನ ಅತಿ ಮೇಲಿನ ತೆಳು ಪದರ ಅಂಟಂಟಾಗಿಯೇ ಉಳಿಯುತ್ತದೆ. ಅದನ್ನು ಪೂರ್ತಿ ತೆಗೆಯದೆ ಹೊಳಪು ಕೊಟ್ಟರೆ ಮೆದು ರಾಳಕ್ಕೆ ಹೊಳಪು ಕೊಟ್ಟಂತೆ, ಕಾಫಿ ಅರಿಶಿನದ ಬಣ್ಣವನ್ನು ಅದು ಹೀರಿಕೊಳ್ಳುತ್ತದೆ. ಕೊನೆಯ ಪದರಕ್ಕೆ ಗ್ಲಿಸರಿನ್ ಜೆಲ್ ಹಚ್ಚಿ ಅದರ ಮೂಲಕ ಇನ್ನೊಮ್ಮೆ ಬೆಳಕು ಕೊಟ್ಟರೆ ಮೇಲ್ಮೈ ಗಟ್ಟಿಯಾಗುತ್ತದೆ.

ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಒತ್ತಿ ಗಟ್ಟಿ ಮಾಡಿದ ಮೇಲ್ಮೈ ಅಳತೆಗೆ ಎಲ್ಲಕ್ಕಿಂತ ನುಣುಪು ಎಂಬುದು ನಿಜ. ಆದರೆ ಪಟ್ಟಿಯ ಅಡಿಯಲ್ಲಿ ಬರುವುದು ರಾಳವೇ ಹೆಚ್ಚಾಗಿರುವ ಪದರ, ಅದು ಮೆದು. ‘ಪಟ್ಟಿ ಬಿಟ್ಟುಕೊಟ್ಟ ಹೊಳಪು ಇದೆಯಲ್ಲ, ಮುಟ್ಟುವುದೇಕೆ’ ಎನ್ನುವವರು ಇದನ್ನು ಮರೆಯುತ್ತಾರೆ. ಜೊತೆಗೆ ದೀಪದ ಶಕ್ತಿಯನ್ನು ರೇಡಿಯೋಮೀಟರಿನಲ್ಲಿ ಅಳೆದು ನೋಡಿ. ಅರೆಬೆಂದ ಕಾಂಪೋಸಿಟ್ ಎಷ್ಟು ಉಜ್ಜಿದರೂ ಹೊಳಪು ಹಿಡಿಯುವುದಿಲ್ಲ.

ದಂತ ಕ್ಲಿನಿಕ್ ಸಹಾಯಕಿ, ತುಮಕೂರು

ಬಳಸಿದ ಡಿಸ್ಕ್‌ಗಳನ್ನು ತೊಳೆದು ಆಟೋಕ್ಲೇವ್ ಮಾಡಿ ಮತ್ತೆ ಇಡಲು ನಮಗೆ ಹೇಳುತ್ತಾರೆ. ಸರಿಯೇ?

ಇಪ್ಪತ್ತು ವರ್ಷದ ಕ್ಲಿನಿಕ್, ಹುಬ್ಬಳ್ಳಿ

ಸರಿಯಲ್ಲ, ತಂಗಿ. ಡಿಸ್ಕ್ ಒಬ್ಬ ರೋಗಿಗೆ ಮಾತ್ರ. ಆಟೋಕ್ಲೇವಿನ ಹಬೆಯಲ್ಲಿ ಅದರ ಅಂಟು ಸಡಿಲವಾಗಿ ಹರಳು ಉದುರುತ್ತದೆ, ಸವೆದ ಡಿಸ್ಕ್ ಕತ್ತರಿಸದೆ ಬಿಸಿ ಮಾಡುತ್ತದಷ್ಟೇ. ಆಟೋಕ್ಲೇವ್ ಆಗಬಲ್ಲ ಸಿಲಿಕೋನ್ ರಬ್ಬರುಗಳಿವೆ, ಪೊಟ್ಟಣದ ಮೇಲೆ ಹಾಗೆ ಬರೆದಿದ್ದರೆ ಅವನ್ನು ಮಾತ್ರ ಹಾಕಿ.

ತಾಲ್ಲೂಕು ಕೇಂದ್ರದ ದಂತವೈದ್ಯೆ, ಚಿತ್ರದುರ್ಗ ಜಿಲ್ಲೆ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ವಿದ್ಯಾರ್ಥಿನಿಯನ್ನು ಕರೆಸಿ, ಗುರುಗಳು ಹೇಳಿದಂತೆ ಒಣಗಿಸಿ ಪಕ್ಕದ ಬೆಳಕಿನಲ್ಲಿ ನೋಡಿದೆ. ಉತ್ತ ಹೊಲ ಎಂಬ ಹೋಲಿಕೆ ಅಕ್ಷರಶಃ ನಿಜವಾಗಿತ್ತು. ಫೋಟೋ ತೆಗೆದು ಆಕೆಗೂ ತೋರಿಸಿದೆ, ತೋರಿಸುವಾಗ ಮುಜುಗರವಾಯಿತು.

ಮೊದಲು ತಡೆಯುವ ಜಾಗಕ್ಕೆ ಕೈಹಾಕಿದೆ. ವಸಡಿನ ಹತ್ತಿರ ಬೆಣೆ ಸರಿಯಾಗಿ ಕೂರದೆ ಕಾಂಪೋಸಿಟ್ ಹೊರಚಾಚಿ ಗಟ್ಟಿಯಾಗಿತ್ತು. 12ನೇ ನಂಬರಿನ ಬಾಗಿದ ಬ್ಲೇಡನ್ನು ಹಲ್ಲಿಗೆ ಒರಗಿಸಿ ಎಳೆದಾಗ ಉಗುರಿನ ಚೂರಿನಂತೆ ಒಂದು ತುಣುಕು ಬಂತು. ಆಮೇಲೆ ಉಜ್ಜುವ ಪಟ್ಟಿಗಳನ್ನು ಹಾಕಿದೆ. ಪಟ್ಟಿಯ ನಡುವೆ ಹರಳಿಲ್ಲದ ಭಾಗವಿರುವುದು ಪಕ್ಕದ ಹಲ್ಲಿಗೆ ತಾಗುವ ಬಿಂದುವನ್ನು ಸವೆಸದೆ ದಾಟಿಸುವುದಕ್ಕೆ ಎಂಬುದನ್ನು ಕಾಲೇಜಿನಲ್ಲಿ ಓದಿದ್ದೆ, ಅರ್ಥವಾದದ್ದು ಅಂದು. ಈಗ ದಾರ ಎಳೆ ಬಿಚ್ಚದೆ ಬರುತ್ತದೆ.

ಹಳದಿ ಗೆರೆಯಲ್ಲಿ ಎರಡೂ ಕಾರಣಗಳು ಇದ್ದವು. ತುಟಿಯ ಕಡೆಯ ಗೆರೆ ನಯವಾದ ಡಿಸ್ಕಿಗೇ ಹೋಯಿತು, ಅದು ಹಪ್ಪಳದ ಪದರವೇ. ಅಂಗುಳಿನ ಕಡೆ ಸುಮಾರು ಎರಡು ಮಿಲಿಮೀಟರ್ ಉಳಿಯಿತು, ಅಲ್ಲಿ ನಾನು ಬೆವೆಲ್ ಕೊಟ್ಟಿರಲಿಲ್ಲ. ಅಷ್ಟನ್ನು ಕೊರೆದು ಮತ್ತೆ ತುಂಬಿ, ಗ್ಲಿಸರಿನ್ ಹಚ್ಚಿ ಬೆಳಕು ಕೊಟ್ಟೆ. ನಂತರ ನಾಲ್ಕೂ ಡಿಸ್ಕ್‌ಗಳು, ನಡುನಡುವೆ ನೀರು, ರಬ್ಬರ್, ಪೇಸ್ಟ್. ಮರುವಾರ ಒಣಗಿಸಿಯೇ ಫೋಟೋ ತೆಗೆದೆ, ಪಕ್ಕದ ಹಲ್ಲಿನ ಮೇಲೆ ಬಿದ್ದ ದೀಪದ ಬಿಂಬ ಕಾಂಪೋಸಿಟ್ ಮೇಲೂ ಮುರಿಯದೆ ಮುಂದುವರಿದಿತ್ತು.

ಒಂದು ಪ್ರಶ್ನೆ ಉಳಿದಿದೆ. ಪಾಲಿಶಿಗೇ 22 ನಿಮಿಷ ಹಿಡಿಯಿತು. ಮೊದಲ ಸಲ ನಾನು ಕೊಟ್ಟಿದ್ದು ನಾಲ್ಕು ನಿಮಿಷ. ಈ ಊರಿನಲ್ಲಿ ಫಿಲ್ಲಿಂಗ್ ದರವನ್ನು ಏರಿಸಿದರೆ ಜನ ಎದುರಿನ ಬೀದಿಗೆ ಹೋಗುತ್ತಾರೆ.

ಇಪ್ಪತ್ತು ವರ್ಷದ ಕ್ಲಿನಿಕ್, ಹುಬ್ಬಳ್ಳಿ

ಮುಂದಿನ ಹಲ್ಲಿಗೆ ಬೇರೆ ದರ, ದವಡೆ ಹಲ್ಲಿಗೆ ಬೇರೆ ದರ ಎಂದು ಬೋರ್ಡಿನಲ್ಲೇ ಬರೆಸಿ, ಆ ಎರಡು ಫೋಟೋಗಳನ್ನು ಆಕೆಯ ಒಪ್ಪಿಗೆ ಪಡೆದು ಮುಖ ಕಾಣದಂತೆ ಮೇಜಿನ ಗಾಜಿನ ಕೆಳಗೆ ಇಡಿ. ನಿಮಿಷ 22 ಇದ್ದದ್ದು ಇಪ್ಪತ್ತನೆಯ ಕೇಸಿಗೆ ಹನ್ನೆರಡಾಗುತ್ತದೆ, ನನಗೆ ಆದದ್ದು ಹಾಗೆ.